ಆನ್‌ಲೈನ್ ಅಂಗಡಿಯ ಕಿರ್ದಿಗೆ ಗ್ರಾಹಕರ ಖತಾವಣಿ ಜೋಡಿಸುವ ಕ್ರಮ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಬೆಳೆಯುವ ಲಿಂಬೆ, ತೊಗರಿ, ಹಿಂಗಾರಿ ಜೋಳ ಹಾಗೂ ದ್ರಾಕ್ಷಿಗೆ ಹೆಸರಿನ ಕೊರತೆಯಿಲ್ಲ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಮಾಲದಂಡಿ ಜೋಳದ ರೊಟ್ಟಿಯ ರುಚಿ ಬಲ್ಲವರು ಸೊಲ್ಲಾಪುರ, ಪುಣೆ, ಬೆಂಗಳೂರುಗಳಲ್ಲಿ ಸಾಕಷ್ಟು ಇದ್ದಾರೆ. ಕೊರತೆಯಿರುವುದು ಬೇರೆ ಕಡೆ. ಮಾಲು ಅಡತಿ ಅಂಗಡಿಗೆ ಹೋದ ಮೇಲೆ ಅದನ್ನು ಕೊನೆಗೆ ಯಾವ ಮನೆಯವರು ಕೊಂಡರು, ಮೆಚ್ಚಿದರೋ ಇಲ್ಲವೋ, ಮುಂದಿನ ವರ್ಷ ಮತ್ತೆ ಬೇಕೆನ್ನುವರೋ ಎಂಬುದು ಬೆಳೆದವನಿಗೆ ತಿಳಿಯುವುದಿಲ್ಲ. 2014ರಲ್ಲಿ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ, 2016ರಲ್ಲಿ ಕೇಂದ್ರದ ಇ-ನಾಮ್ ಬಂದವು. ಇವುಗಳಿಂದ ಹರಾಜಿನ ದರ ಬಯಲಿಗೆ ಬಂದಿತಾದರೂ ಅಲ್ಲಿ ಕೊಳ್ಳುವವನು ವ್ಯಾಪಾರಿಯೇ ಹೊರತು ಉಣ್ಣುವವನಲ್ಲ.

ಉಣ್ಣುವವರಿಗೆ ನೇರವಾಗಿ ಮಾರಬೇಕೆಂಬ ಆಶೆಯಿಂದ ಈಗ ರೈತ ಉತ್ಪಾದಕ ಸಂಸ್ಥೆಗಳೂ ಸ್ತ್ರೀಶಕ್ತಿ ಗುಂಪುಗಳೂ ಆನ್‌ಲೈನ್ ಅಂಗಡಿ ತೆರೆಯುತ್ತಿವೆ. 10,000 ರೈತ ಉತ್ಪಾದಕ ಸಂಸ್ಥೆಗಳನ್ನು ರಚಿಸುವ ಕೇಂದ್ರದ ಯೋಜನೆ 2020ರಲ್ಲಿ ಆರಂಭವಾದ ಮೇಲೆ ಈ ಹುರುಪು ಹೆಚ್ಚಿದೆ. ಅಂಗಡಿ ತೆರೆಯುವುದು ಈಗ ಕಷ್ಟದ ಕೆಲಸವಲ್ಲ. ಚಿತ್ರ ಹಾಕಿ, ದರ ಬರೆದು, ಹಣ ಪಾವತಿಗೆ ಯು.ಪಿ.ಐ. ಜೋಡಿಸಿದರೆ ಆರ್ಡರ್ ಬರಲಾರಂಭಿಸುತ್ತವೆ. ಮೊದಲ ವರ್ಷ ಪರಿಚಯದವರು, ನೆಂಟರು, ಊರು ಬಿಟ್ಟು ಹೋದವರು ಕೊಳ್ಳುತ್ತಾರೆ. ಎರಡನೆಯ ವರ್ಷ ಅವರು ತಾವಾಗಿಯೇ ನೆನಪಿಟ್ಟುಕೊಂಡು ಬರಲಿ ಎಂದು ಕಾಯುತ್ತ ಕುಳಿತರೆ ಅಂಗಡಿ ಸೊರಗುತ್ತದೆ. ಕೊಂಡವರನ್ನು ನೆನಪಿಡುವ ಕೆಲಸ ಅಂಗಡಿಯವರದು. ಅದಕ್ಕಾಗಿ ಇರುವ ಸಾಧನಕ್ಕೆ ಗ್ರಾಹಕ ಸಂಬಂಧ ನಿರ್ವಹಣೆಯ ತಂತ್ರಾಂಶ, ಚಿಕ್ಕದಾಗಿ ಸಿ.ಆರ್.ಎಂ. ಎನ್ನುತ್ತಾರೆ. ಇದನ್ನು ಆನ್‌ಲೈನ್ ಅಂಗಡಿಗೆ ಜೋಡಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಕಿರ್ದಿ ಬೇರೆ, ಖತಾವಣಿ ಬೇರೆ

ಹೆಸರು ಹೊಸದಾದರೂ ವಿಷಯ ಹಳೆಯದು. ಸಹಕಾರಿ ಸಂಘದ ಕಾರ್ಯದರ್ಶಿಗೂ ಅಡತಿ ಅಂಗಡಿಯ ಗುಮಾಸ್ತನಿಗೂ ಕಿರ್ದಿ ಮತ್ತು ಖತಾವಣಿ ಎಂಬ ಎರಡು ವಹಿಗಳು ಗೊತ್ತು. ದಿನದ ವ್ಯವಹಾರ ನಡೆದ ಕ್ರಮದಲ್ಲಿಯೇ ಕಿರ್ದಿಯಲ್ಲಿ ದಾಖಲಾಗುತ್ತದೆ. ಸಂಜೆ ಅದರಿಂದ ಒಂದೊಂದು ರಕಮನ್ನು ತೆಗೆದು ಆಯಾ ಆಸಾಮಿಯ ಪುಟಕ್ಕೆ ಖತಾವಣಿ ಮಾಡಲಾಗುತ್ತದೆ. ಕಿರ್ದಿ ನೋಡಿದರೆ ಇಂದು ಏನೇನಾಯಿತು ಎಂಬುದು ತಿಳಿಯುತ್ತದೆ. ಖತಾವಣಿ ನೋಡಿದರೆ ಈ ಮನುಷ್ಯನೊಡನೆ ಇಷ್ಟು ದಿನ ಏನೇನು ನಡೆದಿದೆ ಎಂಬುದು ತಿಳಿಯುತ್ತದೆ.

ಆನ್‌ಲೈನ್ ಅಂಗಡಿ ಒಂದು ಕಿರ್ದಿ. 1ನೆಯ ಆರ್ಡರ್, 2ನೆಯ ಆರ್ಡರ್ ಎಂದು ಬಂದ ಕ್ರಮದಲ್ಲಿ ಬರೆದುಕೊಳ್ಳುತ್ತದೆ. ಸಿ.ಆರ್.ಎಂ. ಖತಾವಣಿಯಿದ್ದಂತೆ. ಅದರಲ್ಲಿ ಒಬ್ಬೊಬ್ಬ ಗ್ರಾಹಕನಿಗೆ ಒಂದು ಪುಟವಿದ್ದು, ಅವನು ಕೊಂಡ ಮಾಲು, ಕೊಟ್ಟ ಹಣ, ಹೇಳಿದ ದೂರು, ಕೇಳಿದ ಪ್ರಶ್ನೆ ಎಲ್ಲವೂ ಅಲ್ಲಿ ಸೇರುತ್ತವೆ. ಕಿರ್ದಿಯಿದ್ದು ಖತಾವಣಿಯಿಲ್ಲದ ಸಂಘ ಎಷ್ಟು ದಿನ ನಡೆದೀತು ಎಂಬುದನ್ನು ಹಳೆಯ ಕಾರ್ಯದರ್ಶಿಗಳನ್ನು ಕೇಳಿದರೆ ಸಾಕು. ಎರಡೂ ಇದ್ದು ಒಂದರಿಂದ ಇನ್ನೊಂದಕ್ಕೆ ರಕಮು ಏರಿಸದೆ ಬಿಟ್ಟರೆ ಗೊಂದಲ ಇನ್ನೂ ಹೆಚ್ಚು.

ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಪುಣೆಯ ಒಂದು ಮನೆಯವರು ಏಪ್ರಿಲ್ ತಿಂಗಳಲ್ಲಿ ಗಂಡನ ಮೊಬೈಲಿನಿಂದ 2 ಕಿಲೊ ಒಣದ್ರಾಕ್ಷಿ ತರಿಸುತ್ತಾರೆ. ಮೇ ತಿಂಗಳಲ್ಲಿ ಹೆಂಡತಿ ತನ್ನ ಮೊಬೈಲಿನಿಂದ ಲಿಂಬೆ ತರಿಸುತ್ತಾಳೆ. ಪಾರ್ಸೆಲ್ ತಡವಾಗಿ ತಲುಪಿ ಅರ್ಧ ಕಾಯಿ ಕೊಳೆತಿರುತ್ತವೆ. ಆಕೆ ಫೋನ್ ಮಾಡಿ ಹೇಳುತ್ತಾಳೆ. ಫೋನ್ ಎತ್ತಿದ ಹುಡುಗ ‘ಆಗಲಿ ಅಕ್ಕಾವ್ರ, ನೋಡತೀವ್ರಿ’ ಎಂದು ಹೇಳಿ ತನ್ನ ಮೊಬೈಲಿನಲ್ಲಿ ಬರೆದುಕೊಳ್ಳುತ್ತಾನೆ. ಅಂಗಡಿಯ ದಾಖಲೆಯಲ್ಲಿ ಎರಡು ಆರ್ಡರ್ ಇವೆ, ಇಬ್ಬರು ಗ್ರಾಹಕರಿದ್ದಾರೆ, ದೂರು ಒಂದೂ ಇಲ್ಲ. ಮುಂದಿನ ವರ್ಷ ಅದೇ ಮನೆಗೆ ‘ಹೊಸ ಗ್ರಾಹಕರಿಗೆ ಸ್ವಾಗತ’ ಎಂಬ ಸಂದೇಶ ಹೋಗುತ್ತದೆ. ಕೊಳೆತ ಲಿಂಬೆಯ ಹಣ ಮರಳಿ ಬಾರದವರಿಗೆ ಈ ಸ್ವಾಗತ ಹೇಗೆ ಕಂಡೀತು? ಅವರು ಮತ್ತೆ ಅಂಗಡಿಯ ಕಡೆ ನೋಡುವುದಿಲ್ಲ. ಕಳೆದುಹೋದದ್ದು ಲಿಂಬೆಯ ಗಿರಾಕಿ ಮಾತ್ರವಲ್ಲ, ವರ್ಷವರ್ಷ ಒಣದ್ರಾಕ್ಷಿ ತೆಗೆದುಕೊಳ್ಳಬಹುದಾಗಿದ್ದ ಮನೆ.

ಗುರುತಿಗೆ ಮೊಬೈಲ್ ಸಂಖ್ಯೆ

ಜೋಡಣೆಯಲ್ಲಿ ಅತಿ ಮುಖ್ಯವಾದ ಪ್ರಶ್ನೆ ಒಂದೇ. ಕಿರ್ದಿಯಲ್ಲಿ ಬಂದ ಆರ್ಡರನ್ನು ಖತಾವಣಿಯ ಯಾವ ಪುಟಕ್ಕೆ ಏರಿಸಬೇಕು? ಯಂತ್ರಕ್ಕೆ ಮುಖಪರಿಚಯ ಇರುವುದಿಲ್ಲ. ಹೆಸರನ್ನು ನಂಬುವಂತಿಲ್ಲ. ಬಸವರಾಜ, ಮಲ್ಲಿಕಾರ್ಜುನ ಎಂಬ ಹೆಸರಿನವರು ಊರಿಗೆ ಹತ್ತು ಜನ ಸಿಗುತ್ತಾರೆ. ಒಬ್ಬನೇ ಬಸವರಾಜ ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ, ಅದರಲ್ಲಿಯೂ ಎರಡು ಬಗೆಯ ಅಕ್ಷರಗಳಲ್ಲಿ ತನ್ನ ಹೆಸರು ಬರೆಯುತ್ತಾನೆ. ಹೊರಗಿನ ತಂತ್ರಾಂಶಗಳು ಬಹಳ ಮಟ್ಟಿಗೆ ಇ-ಮೇಲ್ ವಿಳಾಸವನ್ನು ಗುರುತಾಗಿ ಹಿಡಿಯುತ್ತವೆ. ನಮ್ಮ ಕಡೆ ಕೊಳ್ಳುವವರಲ್ಲಿ ಅನೇಕರು ಇ-ಮೇಲ್ ಕೊಡುವುದಿಲ್ಲ, ಕೊಟ್ಟರೆ ಮಗನದೋ ಅಳಿಯನದೋ ಕೊಡುತ್ತಾರೆ. ಆದ್ದರಿಂದ ಮೊಬೈಲ್ ಸಂಖ್ಯೆಯನ್ನೇ ಗುರುತಾಗಿ ಇಡುವುದು ಸೂಕ್ತ.

ಆದರೆ ಸಂಖ್ಯೆಯನ್ನೂ ಜನರು ಹಲವು ರೀತಿ ಬರೆಯುತ್ತಾರೆ. ಒಬ್ಬರು ಮುಂದೆ 0 ಸೇರಿಸುತ್ತಾರೆ, ಒಬ್ಬರು 91 ಸೇರಿಸುತ್ತಾರೆ, ಮತ್ತೊಬ್ಬರು ನಡುವೆ ಜಾಗ ಬಿಡುತ್ತಾರೆ. ಯಂತ್ರದ ಕಣ್ಣಿಗೆ ಇವು ಮೂರು ಬೇರೆ ಸಂಖ್ಯೆಗಳು. ಜೋಡಿಸುವ ಮೊದಲೇ ‘ಕೊನೆಯ 10 ಅಂಕಿಗಳನ್ನು ಮಾತ್ರ ಹಿಡಿಯಬೇಕು’ ಎಂಬ ನಿಯಮವನ್ನು ಎರಡೂ ಕಡೆ ಹಾಕಿಸಬೇಕು. ಈ ಒಂದು ನಿಯಮ ಹಾಕಿಸದೆ ಜೋಡಿಸಿದರೆ ಆರು ತಿಂಗಳಲ್ಲಿ ಒಬ್ಬನಿಗೆ ಮೂರು ಪುಟ ತೆರೆದಿರುತ್ತವೆ. ಆಮೇಲೆ ಅವನ್ನು ಕೂಡಿಸುವುದು ಕಳೆ ಬಿತ್ತಿ ಕಳೆ ಕೀಳುವ ಕೆಲಸ.

ಪಟ್ಟಿಯನ್ನು ಎಕ್ಸೆಲ್ಲಿನಲ್ಲಿ ತೆರೆಯುವವರು ಇನ್ನೊಂದು ಎಚ್ಚರಿಕೆ ವಹಿಸಬೇಕು. 91 ಸೇರಿದ 12 ಅಂಕಿಯ ಸಂಖ್ಯೆಯನ್ನು ಎಕ್ಸೆಲ್ ಒಂದು ದೊಡ್ಡ ಮೊತ್ತವೆಂದು ತಿಳಿದು, ದಶಮಾಂಶ ಮತ್ತು ‘ಇ’ ಅಕ್ಷರ ಸೇರಿಸಿ ಚಿಕ್ಕದಾಗಿ ತೋರಿಸುತ್ತದೆ. ಹಾಗೆಯೇ ಉಳಿಸಿದರೆ ಕೊನೆಯ ಅಂಕಿಗಳು ಕಳೆದುಹೋಗುವ ಸಂಭವವಿದೆ. ಮುಂದಿನ ಸೊನ್ನೆಯನ್ನಂತೂ ತಿಂದೇ ಹಾಕುತ್ತದೆ. ಆ ಕಾಲಮನ್ನು ಮೊದಲೇ ಅಕ್ಷರದ ಕಾಲಮ್ ಎಂದು ನಿಗದಿಪಡಿಸಬೇಕು. ಕನ್ನಡ ಹೆಸರುಗಳು ಪ್ರಶ್ನೆಚಿಹ್ನೆಗಳಾಗಿಯೋ ಅರ್ಥವಿಲ್ಲದ ಗುರುತುಗಳಾಗಿಯೋ ಕಂಡರೆ ಕಡತವನ್ನು ಯೂನಿಕೋಡ್‌ನ ಯು.ಟಿ.ಎಫ್.-8 ರೂಪದಲ್ಲಿ ಉಳಿಸಿಲ್ಲವೆಂದು ತಿಳಿಯಬೇಕು.

ಕೊಳ್ಳುವವರು ಬೇರೆ, ಪಡೆಯುವವರು ಬೇರೆ ಇರುವುದೂ ಉಂಟು. ಬೆಂಗಳೂರಿನಲ್ಲಿರುವ ಮಗ ಹಣ ಕೊಟ್ಟು ಸೊಲ್ಲಾಪುರದ ತಾಯಿಗೆ ಜೋಳ ಕಳಿಸುತ್ತಾನೆ. ಹಣ ಕೊಟ್ಟವನ ಸಂಖ್ಯೆಯಿಂದ ಪುಟ ತೆರೆದು, ಪಡೆಯುವವರ ಹೆಸರು, ವಿಳಾಸ, ಫೋನನ್ನು ಅದೇ ಪುಟದಲ್ಲಿ ಬೇರೆಯಾಗಿ ಬರೆಯಬೇಕು. ದರದ ಸಂದೇಶ ಮಗನಿಗೆ, ‘ಪಾರ್ಸೆಲ್ ನಾಳೆ ಬರುತ್ತದೆ’ ಎಂಬ ಸುದ್ದಿ ತಾಯಿಗೆ ಹೋಗಬೇಕು. ಗಂಡ ಹೆಂಡತಿಯ ಎರಡು ಸಂಖ್ಯೆಗಳು ಒಂದೇ ವಿಳಾಸಕ್ಕೆ ಬಂದಾಗ ಎರಡು ಪುಟಗಳನ್ನು ‘ಒಂದೇ ಮನೆ’ ಎಂದು ಕೈಯಿಂದ ಕೂಡಿಸಬೇಕು. ಯಂತ್ರ ತಾನಾಗಿ ಕೂಡಿಸಲು ಬಿಡಬಾರದು, ವಠಾರದಲ್ಲಿರುವ ನಾಲ್ಕು ಮನೆಗಳನ್ನೂ ಅದು ಒಂದು ಮಾಡೀತು.

ಪಿನ್ ಕೋಡನ್ನು ಕಡ್ಡಾಯ ಮಾಡಬೇಕು. ಚಡಚಣ, ದೇವರ ಹಿಪ್ಪರಗಿ, ತಾಳಿಕೋಟಿ, ಕೊಲ್ಹಾರ, ನಿಡಗುಂದಿ ಬೇರೆ ತಾಲೂಕುಗಳಾದ ಮೇಲೂ ಅನೇಕರು ವಿಳಾಸದಲ್ಲಿ ಹಳೆಯ ತಾಲೂಕಿನ ಹೆಸರನ್ನೇ ಬರೆಯುತ್ತಾರೆ. ಪಿನ್ ಇದ್ದರೆ ಟಪಾಲಿಗೆ ತೊಂದರೆಯಾಗುವುದಿಲ್ಲ. ಪಿನ್ನಿನ ಮೊದಲ ಮೂರು ಅಂಕಿಗಳಿಂದ ಇನ್ನೊಂದು ಉಪಯೋಗವಿದೆ. 413 ಸೊಲ್ಲಾಪುರದ ಕಡೆ, 411 ಪುಣೆ, 560 ಬೆಂಗಳೂರು, 500 ಹೈದರಾಬಾದು. ಹಸಿ ಲಿಂಬೆಯನ್ನು ಒಂದೆರಡು ದಿನಗಳಲ್ಲಿ ತಲುಪುವ ಇಂತಹ ಕಡೆಗೆ ಮಾತ್ರ ಮಾರಿ, ದೂರದವರಿಗೆ ತೊಗರಿ ಬೇಳೆ, ಒಣದ್ರಾಕ್ಷಿ, ಉಪ್ಪಿನಕಾಯಿಗಳನ್ನಷ್ಟೇ ತೋರಿಸಬಹುದು.

ಏನು ಕಳಿಸಬೇಕು, ಯಾವಾಗ ಕಳಿಸಬೇಕು

ಅಂಗಡಿಯಲ್ಲಿರುವುದೆಲ್ಲವನ್ನೂ ಸಿ.ಆರ್.ಎಂ.ಗೆ ತುಂಬುವುದು ಅನವಶ್ಯಕ. ಆರ್ಡರ್ ಸಂಖ್ಯೆ, ದಿನಾಂಕ, ಮಾಲು, ಪ್ರಮಾಣ, ಮೊತ್ತ, ಆರ್ಡರಿನ ಸ್ಥಿತಿ, ಹೆಸರು, ಮೊಬೈಲ್, ವಿಳಾಸ ಇಷ್ಟು ಹೋದರೆ ಸಾಕು. ದರ ಮತ್ತು ದಾಸ್ತಾನಿನ ಲೆಕ್ಕಕ್ಕೆ ಅಂಗಡಿಯೇ ಮೂಲ. ದೂರು, ಮಾತುಕತೆ, ಒಪ್ಪಿಗೆಗಳಿಗೆ ಸಿ.ಆರ್.ಎಂ. ಮೂಲ. ಒಂದೇ ಸಂಗತಿಯನ್ನು ಎರಡೂ ಕಡೆ ತಿದ್ದಲು ಅವಕಾಶ ಕೊಟ್ಟರೆ ಯಾವುದು ನಿಜವೆಂಬ ಜಗಳ ತಪ್ಪಿದ್ದಲ್ಲ. ವಿಳಾಸ ಬದಲಾದರೆ ಎಲ್ಲಿ ತಿದ್ದಬೇಕು ಎಂಬುದನ್ನು ಮೊದಲೇ ಗೊತ್ತುಪಡಿಸಿ ಗೋಡೆಯ ಮೇಲೆ ಬರೆದು ಅಂಟಿಸುವುದು ಒಳ್ಳೆಯದು.

ಆರ್ಡರಿನ ಸ್ಥಿತಿಯ ಬಗ್ಗೆ ಸ್ವಲ್ಪ ವಿವರ ಬೇಕು. ವರ್ಡ್‌ಪ್ರೆಸ್ ಮೇಲೆ ನಡೆಯುವ ವೂಕಾಮರ್ಸ್ ಎಂಬ ಉಚಿತ ಅಂಗಡಿ ತಂತ್ರಾಂಶ ಬಹಳ ಕಡೆ ಬಳಕೆಯಲ್ಲಿದೆ. ಅದರಲ್ಲಿ ಹಣ ಬಂದು ಮಾಲು ಕಳಿಸಬೇಕಾದ ಆರ್ಡರ್ ‘ಪ್ರೊಸೆಸಿಂಗ್’ ಎಂದೂ, ಕೆಲಸ ಮುಗಿದದ್ದು ‘ಕಂಪ್ಲೀಟೆಡ್’ ಎಂದೂ ಕಾಣುತ್ತದೆ. ಮನೆ ಬಾಗಿಲಲ್ಲಿ ಹಣ ಕೊಡುವ ಆರ್ಡರ್ ಮಾತ್ರ ಹಣ ಬರುವ ಮೊದಲೇ ‘ಪ್ರೊಸೆಸಿಂಗ್’ ಸ್ಥಿತಿಗೆ ಬಂದು ನಿಲ್ಲುತ್ತದೆ. ಇದನ್ನು ಮಾರಾಟವೆಂದು ಗ್ರಾಹಕನ ಪುಟದಲ್ಲಿ ಬರೆದು, ಪಾರ್ಸೆಲ್ ಮರಳಿ ಬಂದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ‘ಕಂಪ್ಲೀಟೆಡ್’ ಆದುದನ್ನು ಮಾತ್ರ ಮಾರಾಟದ ಮೊತ್ತಕ್ಕೆ ಸೇರಿಸಬೇಕು. ಹಣ ಪಾವತಿ ವಿಫಲವಾದ ಆರ್ಡರುಗಳನ್ನು ಬಿಟ್ಟುಬಿಡುವುದು ಮಾತ್ರ ತಪ್ಪು. ಕೊಳ್ಳುವ ಮನಸ್ಸಿನಿಂದ ಬಾಗಿಲವರೆಗೆ ಬಂದು ನೆಟ್‌ವರ್ಕ್ ಸಿಗದೆ ತಿರುಗಿ ಹೋದವರು ಅವರು. ಅವೂ ಸಿ.ಆರ್.ಎಂ.ಗೆ ಹೋಗಿ, ಅದೇ ದಿನ ಒಂದು ಫೋನ್ ಕರೆ ಹೋಗುವಂತಿರಬೇಕು.

ಮಾಲಿನ ಅಳತೆಯಲ್ಲಿಯೂ ಗೊಂದಲ ಹುಟ್ಟುತ್ತದೆ. ಪೇಟೆಯಲ್ಲಿ ಲಿಂಬೆ ಸಾವಿರ ಕಾಯಿಯ ಲೆಕ್ಕದಲ್ಲಿ ಹೋದರೆ ಪಟ್ಟಣದ ಮನೆಯವರು ಕಿಲೊ ಲೆಕ್ಕದಲ್ಲೋ ಡಜನ್ ಲೆಕ್ಕದಲ್ಲೋ ಕೇಳುತ್ತಾರೆ. ಪ್ರತಿಯೊಂದು ಮಾಲಿನ ಪ್ರತಿಯೊಂದು ಚೀಲಕ್ಕೂ ಒಂದು ಸಂಕೇತ ಕೊಟ್ಟು, ಎರಡೂ ತಂತ್ರಾಂಶಗಳಲ್ಲಿ ಅದೇ ಸಂಕೇತ ಬಳಸಬೇಕು. ಒಂದು ಕಡೆ ‘ಜೋಳ’, ಇನ್ನೊಂದು ಕಡೆ ‘ಮಾಲದಂಡಿ 5 ಕಿಲೊ’ ಎಂದಿದ್ದರೆ ಯಾರು ಏನು ಕೊಂಡರೆಂಬುದು ಕೂಡಿ ಬರುವುದಿಲ್ಲ.

ಜೋಡಿಸುವ ಮೂರು ದಾರಿ

ಎಲ್ಲಕ್ಕಿಂತ ಸರಳವಾದುದು ಕೈಯಿಂದ ಸಾಗಿಸುವುದು. ವಾರಕ್ಕೊಮ್ಮೆ ಅಂಗಡಿಯಿಂದ ಆರ್ಡರುಗಳ ಪಟ್ಟಿ ಇಳಿಸಿ ಸಿ.ಆರ್.ಎಂ.ಗೆ ಏರಿಸಬೇಕು. ದಿನಕ್ಕೆ ನಾಲ್ಕಾರು ಆರ್ಡರ್ ಬರುವ ಸಂಸ್ಥೆಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಇನ್ನೂ ಕಡಿಮೆಯಿದ್ದರೆ ಒಂದು ರಟ್ಟಿನ ವಹಿಯೇ ಸಾಕು. ತಂತ್ರಾಂಶ ಮಾರಲು ಬಂದವರು ಇದನ್ನು ಹೇಳುವುದಿಲ್ಲ.

ಎರಡನೆಯದು ಸಿದ್ಧ ಜೋಡಣೆ. ವೂಕಾಮರ್ಸ್, ಶಾಪಿಫೈ ಮೊದಲಾದ ಅಂಗಡಿಗಳಿಗೂ ಜೋಹೋ ಮೊದಲಾದ ಸಿ.ಆರ್.ಎಂ.ಗಳಿಗೂ ನಡುವೆ ಕೊಂಡಿಯಾಗುವ ಚಿಕ್ಕ ತಂತ್ರಾಂಶಗಳು ದೊರೆಯುತ್ತವೆ. ಚೆನ್ನೈ ಮೂಲದ ಜೋಹೋ ಸಿ.ಆರ್.ಎಂ.ನಲ್ಲಿ ಮೂವರು ಬಳಕೆದಾರರವರೆಗೆ ಉಚಿತ ಆವೃತ್ತಿಯಿದೆ. ಮುಂಬಯಿಯ ಫ್ರಾಪೆ ಕಂಪನಿಯ ಈಆರ್‌ಪಿನೆಕ್ಸ್ಟ್ ಮುಕ್ತ ತಂತ್ರಾಂಶ. ಅದರಲ್ಲಿ ದಾಸ್ತಾನು, ಲೆಕ್ಕಪತ್ರ, ಗ್ರಾಹಕರ ಪುಟ ಒಟ್ಟಿಗೇ ಇವೆ. ಆದರೆ ಅದನ್ನು ನಡೆಸಲು ತಿಳಿದವರೊಬ್ಬರು ಬೇಕು. ಉಚಿತ ಎಂಬ ಮಾತಿಗೆ ಮರುಳಾಗದೆ, ಸಿದ್ಧ ಕೊಂಡಿಗೆ ತಿಂಗಳ ಬಾಡಿಗೆ ಎಷ್ಟು ಎಂಬುದನ್ನು ಕೇಳಿ ಹಂಗಾಮಿನ ಲಾಭದೊಡನೆ ಹೋಲಿಸಿ ನೋಡಬೇಕು.

ಮೂರನೆಯದಕ್ಕೆ ವೆಬ್‌ಹುಕ್ ಎನ್ನುತ್ತಾರೆ. ಅಂಗಡಿಯಲ್ಲಿ ಆರ್ಡರ್ ಬಿದ್ದ ಕೂಡಲೇ ಅದರ ಸುದ್ದಿ ತಾನಾಗಿ ಸಿ.ಆರ್.ಎಂ.ಗೆ ಹೋಗುತ್ತದೆ. ಕಾಲುವೆಯ ತೂಬು ತೆರೆದ ಕೂಡಲೇ ಹೊಲಕ್ಕೆ ನೀರು ಬಂದಂತೆ. ವೇಗ ಹೆಚ್ಚು, ಆದರೆ ತೂಬು ಮುಚ್ಚಿಕೊಂಡದ್ದೂ ಬೇಗ ಗೊತ್ತಾಗುವುದಿಲ್ಲ. ವೂಕಾಮರ್ಸಿನಲ್ಲಿ ಸುದ್ದಿ ತಲುಪಿಸುವ ಪ್ರಯತ್ನ ಸತತ 5 ಬಾರಿ ವಿಫಲವಾದರೆ ಆ ವೆಬ್‌ಹುಕ್ ತಾನಾಗಿ ನಿಂತುಬಿಡುತ್ತದೆ. ಆರ್ಡರ್ ಬರುತ್ತಲೇ ಇರುತ್ತವೆ, ಅಂಗಡಿ ಚೆನ್ನಾಗಿ ನಡೆದಂತೆಯೇ ಕಾಣುತ್ತದೆ, ಖತಾವಣಿ ಮಾತ್ರ ಖಾಲಿ ಉಳಿಯುತ್ತದೆ. ಇದಕ್ಕೆ ವಿರುದ್ಧವಾಗಿ ಒಂದೇ ಆರ್ಡರಿನ ಸುದ್ದಿ ಎರಡು ಸಲ ಬರುವುದೂ ಉಂಟು. ಆರ್ಡರ್ ಸಂಖ್ಯೆ ಈಗಾಗಲೇ ಪುಟದಲ್ಲಿದ್ದರೆ ಹೊಸದಾಗಿ ಬರೆಯದೆ ಹಳೆಯದನ್ನೇ ತಿದ್ದಬೇಕೆಂದು ಜೋಡಿಸುವವರಿಗೆ ಸ್ಪಷ್ಟವಾಗಿ ಹೇಳಬೇಕು.

ಯಾವ ದಾರಿ ಹಿಡಿದರೂ ಸಂಜೆಯ ತಾಳೆ ಬಿಡಬಾರದು. ಇಂದು ಅಂಗಡಿಯಲ್ಲಿ ಎಷ್ಟು ಆರ್ಡರ್, ಸಿ.ಆರ್.ಎಂ.ನಲ್ಲಿ ಎಷ್ಟು? ಎರಡು ಅಂಕಿಗಳು ಕೂಡದಿದ್ದರೆ ಅಂದೇ ಹುಡುಕಬೇಕು. ಐದು ನಿಮಿಷದ ಕೆಲಸ; ತಿಂಗಳ ನಂತರ ಹುಡುಕಲು ಹೋದರೆ ಎರಡು ದಿನವೂ ಸಾಲದು.

ಹಂಗಾಮಿಗೆ ತಕ್ಕ ಪಟ್ಟಿ

ಜೋಡಣೆಯ ಫಲ ಕಾಣುವುದು ಎರಡನೆಯ ವರ್ಷದಲ್ಲಿ. ತೊಗರಿ ಡಿಸೆಂಬರ್-ಜನವರಿಯಲ್ಲಿ ಕಟಾವಾಗಿ ಹೊಸ ಬೇಳೆ ಸಿದ್ಧವಾಗುತ್ತದೆ. ಹಿಂಗಾರಿ ಜೋಳ ಫೆಬ್ರವರಿ-ಮಾರ್ಚಿನಲ್ಲಿ ರಾಶಿಯಾಗುತ್ತದೆ. ದ್ರಾಕ್ಷಿ ಒಣಗಿಸುವ ಕೆಲಸ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಡೆಯುತ್ತದೆ. ಸುಮಾರು 4 ಕಿಲೊ ಹಸಿ ದ್ರಾಕ್ಷಿಗೆ 1 ಕಿಲೊ ಒಣದ್ರಾಕ್ಷಿ ಇಳಿಯುವುದರಿಂದ ಎಷ್ಟು ಬೇಡಿಕೆಯಿದೆಯೆಂಬುದು ಶೆಡ್ಡಿಗೆ ಹಾಕುವ ಮೊದಲೇ ಗೊತ್ತಿದ್ದರೆ ಅನುಕೂಲ. ಕಳೆದ ವರ್ಷ ಕೊಂಡವರ ಪಟ್ಟಿಯನ್ನು ಸಿ.ಆರ್.ಎಂ.ನಿಂದ ತೆಗೆದು, ರಾಶಿಗೆ ಹದಿನೈದು ದಿನ ಮೊದಲು ಕೇಳಿದರೆ ಮುಂಗಡ ಬೇಡಿಕೆ ಸಿಗುತ್ತದೆ. ಒಂದು ಹಂಗಾಮಿನಲ್ಲಿ 300 ಆರ್ಡರ್ ಬಂದವೆಂದರೆ 300 ಗ್ರಾಹಕರಿದ್ದಾರೆಂದು ತಿಳಿಯಬಾರದು. ಅವು 120 ಮನೆಗಳಿಂದ ಬಂದಿರಬಹುದು, ಅವುಗಳಲ್ಲಿ 30 ಮನೆಗಳೇ ಅರ್ಧ ಮಾಲು ಕೊಂಡಿರಬಹುದು. ಆ 30 ಮನೆಗಳು ಯಾವುವು ಎಂಬುದು ಕಿರ್ದಿಯಿಂದ ತಿಳಿಯದು.

ಲಿಂಬೆಗಂತೂ ಇದು ಹೆಚ್ಚು ಅವಶ್ಯ. ಬೇಸಿಗೆಯಲ್ಲಿ ದರ ಏರಿದಾಗ ಎಲ್ಲರೂ ಹುಡುಕಿಕೊಂಡು ಬರುತ್ತಾರೆ. ಮಳೆಗಾಲದಲ್ಲಿ ಕಾಯಿ ಹೆಚ್ಚಿ ದರ ಕುಸಿದಾಗ ಕೇಳುವವರಿರುವುದಿಲ್ಲ, ಕೀಳುವ ಕೂಲಿಯೂ ಹುಟ್ಟದ ದಿನಗಳು ಬರುತ್ತವೆ. ಆಗ ನೆರವಿಗೆ ಬರುವವರು ಹಳೆಯ ಪುಟದಲ್ಲಿರುವ ಮನೆಗಳು, ಖಾನಾವಳಿಗಳು, ಉಪ್ಪಿನಕಾಯಿ ಮಾಡುವ ಗುಂಪುಗಳು. ಬೇಸಿಗೆಯಲ್ಲಿ ಅವರಿಗೆ ಹೆಚ್ಚಿನ ದರಕ್ಕೆ ಸಣ್ಣ ಕಾಯಿ ಕಳಿಸಿದ್ದರೆ ಅದೂ ಆ ಪುಟದಲ್ಲಿಯೇ ಇರುತ್ತದೆ ಎಂಬುದನ್ನು ಸದಸ್ಯರು ಮರೆಯಬಾರದು.

ಪಟ್ಟಿ ಯಾರದು?

ದೊಡ್ಡ ಮಾರಾಟ ತಾಣಗಳ ಮೂಲಕ ಮಾರಿದಾಗ ಗ್ರಾಹಕನ ಖಾತೆ ಆ ತಾಣದ್ದು. ಆರ್ಡರ್ ತಲುಪಿಸಲು ಕೊಟ್ಟ ವಿಳಾಸವನ್ನು ಪ್ರಚಾರಕ್ಕೆ ಬಳಸಲು ಅಲ್ಲಿನ ನಿಯಮಗಳು ಬಿಡುವುದಿಲ್ಲ. ಆದ್ದರಿಂದ ಅಲ್ಲಿ ಮಾರಿದರೂ ಸ್ವಂತ ಅಂಗಡಿಯೊಂದು ಇರಬೇಕು. ಅದಕ್ಕಿಂತ ಹತ್ತಿರದ ಅಪಾಯ ಬೇರೆ. ಅಂಗಡಿಯ ಪಾಸ್‌ವರ್ಡ್, ಸಿ.ಆರ್.ಎಂ. ಖಾತೆ, ವಾಟ್ಸ್‌ಆ್ಯಪ್ ಸಂಖ್ಯೆ ಎಲ್ಲವೂ ಕೆಲಸದ ಹುಡುಗನೊಬ್ಬನ ಹೆಸರಿನಲ್ಲಿದ್ದು, ಅವನು ಬೇರೆ ನೌಕರಿ ಸಿಕ್ಕು ಹೋದರೆ ಸಂಸ್ಥೆಗೆ ಉಳಿಯುವುದು ಖಾಲಿ ಗೋದಾಮು. ಖಾತೆಗಳೆಲ್ಲ ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಸಿಮ್ಮಿನಲ್ಲಿ ಇರಬೇಕು. ಆಡಳಿತ ಮಂಡಳಿಯ ಇಬ್ಬರಿಗೆ ಪ್ರವೇಶವಿರಬೇಕು. ತಿಂಗಳಿಗೊಮ್ಮೆ ಪಟ್ಟಿಯ ಪ್ರತಿಯೊಂದನ್ನು ಇಳಿಸಿ ಬೇರೆ ಕಡೆ ಇಡಬೇಕು.

ಪಟ್ಟಿ ಸಂಸ್ಥೆಯಲ್ಲಿದ್ದರೂ ಅದರಲ್ಲಿರುವ ಮಾಹಿತಿ ಗ್ರಾಹಕನದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುತ್ತವೆ. ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆಯಲಾಗುತ್ತಿದೆ ಎಂದು ತಿಳಿಸಿ ಒಪ್ಪಿಗೆ ಪಡೆಯುವುದು, ಒಪ್ಪಿಗೆ ಹಿಂತೆಗೆದುಕೊಂಡರೆ ನಿಲ್ಲಿಸುವುದು ಇದರ ತಿರುಳು. ಆರ್ಡರ್ ಪುಟದಲ್ಲಿ ‘ಹೊಸ ಮಾಲು ಬಂದಾಗ ತಿಳಿಸಬಹುದೇ?’ ಎಂಬ ಪ್ರಶ್ನೆಯನ್ನು ಕನ್ನಡ, ಮರಾಠಿ, ಇಂಗ್ಲಿಷಿನಲ್ಲಿ ಇಟ್ಟು, ಗುರುತನ್ನು ಗ್ರಾಹಕನೇ ಹಾಕುವಂತೆ ಮಾಡಬೇಕು. ಮೊದಲೇ ಗುರುತು ಹಾಕಿ ಇಡಬಾರದು. ಈ ಉತ್ತರವೂ ದಿನಾಂಕದೊಡನೆ ಸಿ.ಆರ್.ಎಂ. ಪುಟಕ್ಕೆ ಹೋಗಬೇಕು. ಬೇಡವೆಂದವರಿಗೆ ಆರ್ಡರಿನ ಸುದ್ದಿ ಬಿಟ್ಟು ಬೇರೇನನ್ನೂ ಕಳಿಸಬಾರದು. ಪಟ್ಟಿಯನ್ನು ಬೀಜ, ಗೊಬ್ಬರ, ವಿಮೆಯವರಿಗೆ ಕೊಡುವುದಂತೂ ಸಲ್ಲದು.

ಹಂಗಾಮಿಗೆ ಮೊದಲು ಪರೀಕ್ಷೆ

ಜೋಡಣೆಯನ್ನು ರಾಶಿಯ ಗಡಿಬಿಡಿಯಲ್ಲಿ ಆರಂಭಿಸಬಾರದು. ಮಾರಾಟ ಕಡಿಮೆಯಿರುವ ತಿಂಗಳಿನಲ್ಲಿ ಮಾಡಿ, ಸಂಸ್ಥೆಯ ಸದಸ್ಯರಿಂದಲೇ ಹತ್ತು ಆರ್ಡರ್ ಹಾಕಿಸಿ ನೋಡಬೇಕು. ಒಬ್ಬರು 0 ಸೇರಿಸಿ, ಅವರೇ ಮತ್ತೊಮ್ಮೆ 91 ಸೇರಿಸಿ ಸಂಖ್ಯೆ ಬರೆಯಲಿ. ಒಂದೇ ಪುಟಕ್ಕೆ ಹೋಗುವುದೇ ನೋಡಬೇಕು. ಒಬ್ಬರು ಹೆಸರನ್ನು ಕನ್ನಡದಲ್ಲಿ ಬರೆಯಲಿ. ಒಬ್ಬರು ಮನೆ ಬಾಗಿಲಲ್ಲಿ ಹಣ ಕೊಡುವ ಆರ್ಡರ್ ಹಾಕಿ ರದ್ದು ಮಾಡಲಿ, ಒಬ್ಬರು ಹಣ ಕಟ್ಟುವಾಗ ನಡುವೆಯೇ ಬಿಟ್ಟುಬಿಡಲಿ. ಒಬ್ಬರು ಬೇರೆಯವರ ವಿಳಾಸಕ್ಕೆ ಕಳಿಸಲಿ. ಕೊನೆಗೆ ಅರ್ಧ ಗಂಟೆ ಕೊಂಡಿಯನ್ನು ತಪ್ಪಿಸಿ, ಆ ಹೊತ್ತಿನಲ್ಲಿ ಎರಡು ಆರ್ಡರ್ ಹಾಕಿ, ಮತ್ತೆ ಸೇರಿಸಿದಾಗ ಅವು ಖತಾವಣಿಗೆ ಬರುತ್ತವೆಯೇ ಎಂದು ಪರೀಕ್ಷಿಸಬೇಕು. ಬಾರದಿದ್ದಲ್ಲಿ ಅವನ್ನು ಕೈಯಿಂದ ಏರಿಸುವ ಕ್ರಮವನ್ನು ಕೆಲಸದ ಇಬ್ಬರಿಗಾದರೂ ಕಲಿಸಿ, ಪರೀಕ್ಷೆಗೆಂದು ಹಾಕಿದ ಆರ್ಡರುಗಳನ್ನೆಲ್ಲ ಎರಡೂ ಕಡೆಯಿಂದ ಅಳಿಸಿದ ನಂತರವೇ ಅಂಗಡಿಯನ್ನು ಗ್ರಾಹಕರಿಗೆ ತೆರೆಯಬೇಕು.